ಭೂಕಂಪ ಕೆಡವಿದ ಚರ್ಚುಗಳನ್ನು ನೋಡುವ ಬಗೆ: ಆಂಟಿಗ್ವಾ ಗ್ವಾಟೆಮಾಲಾಕ್ಕೆ ಹೋಗುವವರಿಗೆ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂಟಿಗ್ವಾಕ್ಕೆ ಮೊದಲ ಸಲ ಹೋದಾಗ ನಾನು ಒಂದೇ ದಿನದಲ್ಲಿ ಏಳು ಪಾಳು ಚರ್ಚುಗಳನ್ನು ನೋಡಿ ಮುಗಿಸಿದ್ದೆ. ಊರಿಗೆ ಮರಳಿ ಫೋಟೋಗಳನ್ನು ತೆರೆದರೆ ಯಾವುದು ಯಾವ ಚರ್ಚೆಂದು ನನಗೇ ಗುರುತು ಹತ್ತಲಿಲ್ಲ. ಎಲ್ಲದರಲ್ಲೂ ಅದೇ ಇಟ್ಟಿಗೆ, ಅದೇ ಮುರಿದ ಕಮಾನು, ಮೇಲೆ ಅದೇ ನೀಲಿ ಆಕಾಶ. ಎರಡನೆಯ ಸಲ ಹೋದಾಗ ಕ್ರಮವನ್ನು ಬದಲಿಸಿ, ಬಿದ್ದದ್ದಕ್ಕಿಂತ ಮೊದಲು ನಿಂತದ್ದನ್ನು ನೋಡಿದೆ. ಅದೇ ಊರು ಆಗ ಬೇರೆಯಾಗಿ ಕಂಡಿತು. ಆ ಎರಡನೆಯ ಪ್ರವಾಸದ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಹೊರಡುವ ಮೊದಲು ಊರಿನ ಕಥೆಯನ್ನು ಇಷ್ಟಾದರೂ ತಿಳಿದಿರಬೇಕು. ಮೆಕ್ಸಿಕೋದ ಚಿಯಾಪಾಸ್‌ನಿಂದ ಕೋಸ್ಟಾರಿಕಾದವರೆಗೆ ಹರಡಿದ್ದ ಸ್ಪೇನಿನ ವಸಾಹತು ಪ್ರಾಂತ್ಯಕ್ಕೆ ಈ ಊರು ಇನ್ನೂರಕ್ಕೂ ಹೆಚ್ಚು ವರ್ಷ ರಾಜಧಾನಿಯಾಗಿತ್ತು. ಆಗ ಇದರ ಹೆಸರು ಸಾಂತಿಯಾಗೊ ದೆ ಲೋಸ್ ಕಬಾಯೆರೋಸ್. ಹತ್ತಿರದ ಅಲ್ಮೊಲೊಂಗ ಕಣಿವೆಯಲ್ಲಿದ್ದ ಹಿಂದಿನ ರಾಜಧಾನಿಯನ್ನು 1541ರಲ್ಲಿ ಜ್ವಾಲಾಮುಖಿ ಪರ್ವತದ ಇಳಿಜಾರಿನಿಂದ ನುಗ್ಗಿದ ಕೆಸರು ನೀರಿನ ಪ್ರವಾಹ ಅಳಿಸಿಹಾಕಿದ ಮೇಲೆ, 1543ರಲ್ಲಿ ಪಂಚೋಯ್ ಕಣಿವೆಯಲ್ಲಿ ಇದನ್ನು ಹೊಸದಾಗಿ ಕಟ್ಟಿದರು. ಆ ಪರ್ವತಕ್ಕೆ ಉಳಿದ ಹೆಸರು ಆಗ್ವಾ, ಅಂದರೆ ನೀರು. ನೀರಿನಿಂದ ತಪ್ಪಿಸಿಕೊಂಡು ಬಂದವರನ್ನು ಇಲ್ಲಿ ನೆಲ ಕಾಡಿತು. ಕೋಕೋಸ್ ಭೂಫಲಕ ಕೆರಿಬಿಯನ್ ಫಲಕದ ಅಡಿಗೆ ನುಸುಳುವ ಪ್ರದೇಶವಿದು. ಉತ್ತರಕ್ಕೆ ಮೊತಾಗ್ವಾ ಬಿರುಕು ದೇಶವನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತದೆ. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿರುವಂತೆ ಅಲ್ಲಿ ದೊಡ್ಡ ಕಂಪನಗಳಿಗೆ ಆಯಾ ದಿನದ ಸಂತರ ಹೆಸರಿದೆ. 1717ರ ಸೆಪ್ಟೆಂಬರ್ 29ರದು ಸಾನ್ ಮಿಗೆಲ್, 1773ರ ಜುಲೈ 29ರದು ಸಾಂತಾ ಮಾರ್ತಾ. ನಡುವೆ 1751ರಲ್ಲೂ ಒಂದು ದೊಡ್ಡ ಕಂಪನವಾಯಿತು. ಸಾಂತಾ ಮಾರ್ತಾದ ನಂತರ ಆಡಳಿತಾಧಿಕಾರಿ ಮಾರ್ತಿನ್ ದೆ ಮಯೋರ್ಗ ರಾಜಧಾನಿಯನ್ನೇ ಸ್ಥಳಾಂತರಿಸಲು ಮುಂದಾದರು, ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲಾರ್ರಾಸ್ ಅದನ್ನು ವಿರೋಧಿಸಿದರು. ಕೊನೆಗೆ ಆಡಳಿತದ ಮಾತೇ ನಡೆದು, 1776ರಲ್ಲಿ ಇಂದಿನ ಗ್ವಾಟೆಮಾಲಾ ನಗರ ರಾಜಧಾನಿಯಾಯಿತು. ಬಿಟ್ಟುಹೋದ ಊರು ‘ಲಾ ಆಂಟಿಗ್ವಾ’, ಅಂದರೆ ಹಳೆಯದು, ಎನ್ನಿಸಿಕೊಂಡಿತು. ಎಲ್ಲರೂ ಹೊರಟುಹೋಗಲಿಲ್ಲ, ಹೊರಡಲೊಲ್ಲದವರು ಪಾಳು ಗೋಡೆಗಳ ನಡುವೆಯೇ ಬದುಕು ಮುಂದುವರಿಸಿದರು. ಯುನೆಸ್ಕೋ 1979ರಲ್ಲಿ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಾಳು ಎಂದೊಡನೆ ನಮಗೆ ನೆನಪಾಗುವುದು ಹಂಪಿ. ಅಲ್ಲಿನ ಹಾಳಿನಲ್ಲಿ ಮನುಷ್ಯನ ಕೈ ಕಾಣುತ್ತದೆ. ಮೂರ್ತಿಯ ಮೂಗು, ಕೈಗಳನ್ನು ಆರಿಸಿ ಒಡೆಯಲಾಗಿದೆ. ಹಾಸನದ ಬಳಿಯ ಶೆಟ್ಟಿಹಳ್ಳಿ ಚರ್ಚನ್ನು ನೋಡಿದವರಿಗೆ ಇನ್ನೊಂದು ಬಗೆಯ ಹಾಳು ಗೊತ್ತು: 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕಟ್ಟಡದಲ್ಲಿ ಹೇಮಾವತಿಯ ಹಿನ್ನೀರು ವರ್ಷವರ್ಷವೂ ಏರಿ ಇಳಿದು ಗಾರೆಯನ್ನು ಬುಡದಿಂದ ಕರಗಿಸುತ್ತ ಬಂದಿದೆ. ಭೂಕಂಪದ ಹಾಳು ಇವೆರಡರಂತೆ ಅಲ್ಲ. ಅದು ಭಾರವಾದುದನ್ನು, ಎತ್ತರದಲ್ಲಿರುವುದನ್ನು, ಬಿಗಿಯಾಗಿ ಕಟ್ಟಿಕೊಳ್ಳದೆ ಪಕ್ಕಪಕ್ಕ ನಿಂತಿರುವುದನ್ನು ಹುಡುಕಿ ಬೀಳಿಸುತ್ತದೆ. ಆದ್ದರಿಂದ ಎಲ್ಲಿ ಮುರಿದಿದೆ ಎಂಬುದನ್ನು ನೋಡಿ ಹೇಗೆ ಕಟ್ಟಿದ್ದರು ಎಂಬುದನ್ನು ಹೇಳಬಹುದು. ಆಂಟಿಗ್ವಾದಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಇದೇ.

ಸಿದ್ಧತೆ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಪ್ರವಾಸ ಸುಲಭ; ಹ್ಯೂಸ್ಟನ್, ಮಯಾಮಿ, ಲಾಸ್ ಏಂಜಲೀಸ್‌ಗಳಿಂದ ಗ್ವಾಟೆಮಾಲಾ ನಗರಕ್ಕೆ ನೇರ ವಿಮಾನಗಳಿವೆ. ಭಾರತದಿಂದ ನೇರ ವಿಮಾನವಿಲ್ಲ. ಗ್ವಾಟೆಮಾಲಾದ ವೀಸಾ ನಿಯಮದ ಜೊತೆಗೆ, ದಾರಿಯಲ್ಲಿ ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ ಅಲ್ಲಿನ ಟ್ರಾನ್ಸಿಟ್ ವೀಸಾ ಬೇಕೆಂಬುದನ್ನೂ ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ರಾಜಧಾನಿಯಿಂದ ಆಂಟಿಗ್ವಾಕ್ಕೆ ಸುಮಾರು 40 ಕಿಲೋಮೀಟರ್. ವಾಹನ ದಟ್ಟಣೆ ಇದ್ದರೆ ಒಂದೂವರೆ ಗಂಟೆಯೂ ಹಿಡಿಯುತ್ತದೆ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಮಳೆಗಾಲದಲ್ಲಿ ಹೋದರೂ ಕೆಡುಕಿಲ್ಲ, ಏಕೆಂದರೆ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೇ ಬರುತ್ತದೆ. ಆದರೆ ಛಾವಣಿಯಿಲ್ಲದ ಚರ್ಚಿನ ನೆಲಗಲ್ಲುಗಳ ಮೇಲೆ ಆಗ ಪಾಚಿ ಕಟ್ಟಿರುತ್ತದೆ. ಬೀದಿಗಳೂ ಉರುಟು ಕಲ್ಲು ಹಾಸಿನವಾದ್ದರಿಂದ ಹಿಡಿತವಿರುವ, ದಪ್ಪ ಅಡಿಯ ಬೂಟು ಬೇಕೇ ಬೇಕು. ಚಪ್ಪಲಿಯಲ್ಲಿ ಹೋದವರು ಎರಡನೆಯ ಚರ್ಚಿಗೇ ಸುಸ್ತಾಗುತ್ತಾರೆ. ಬಹುತೇಕ ಪಾಳುಗಳು ಬೆಳಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಟಿಕೆಟ್ ಇದ್ದು, ವಿದೇಶಿಯರಿಗೆ ದರ ಹೆಚ್ಚು. ಚಿಲ್ಲರೆ ಕೆತ್ಸಾಲ್ ನೋಟುಗಳನ್ನು ಇಟ್ಟುಕೊಂಡಿದ್ದರೆ ಗೇಟಿನಲ್ಲಿ ಕಾಯಬೇಕಾಗುವುದಿಲ್ಲ.

ದಾರಿ ತಪ್ಪುವುದು ಇಲ್ಲಿ ಕಷ್ಟ. ಊರು ಚದುರಂಗದ ಮಣೆಯಂತಿದೆ. ‘ಅವೆನೀದಾ’ಗಳು ಉತ್ತರ–ದಕ್ಷಿಣ, ‘ಕಾಯೆ’ಗಳು ಪೂರ್ವ–ಪಶ್ಚಿಮ. ಆಗ್ವಾ ಪರ್ವತ ಕಂಡ ಕಡೆ ದಕ್ಷಿಣವೆಂದು ತಿಳಿದರೆ ನಕ್ಷೆ ತೆಗೆಯುವ ಅಗತ್ಯವೇ ಬೀಳದು. ಕಲಿತಿರಬೇಕಾದ ಸ್ಪ್ಯಾನಿಷ್ ಪದಗಳು ಮೂರು: ‘ರುಯಿನಾಸ್’ ಎಂದರೆ ಪಾಳು, ‘ಪೆಲಿಗ್ರೊ’ ಎಂದರೆ ಅಪಾಯ, ‘ನೋ ಪಸಾರ್’ ಎಂದರೆ ಮುಂದೆ ಹೋಗಬಾರದು.

ಕುದುರೆಯ ಓಟವನ್ನು ಸರಣಿ ಚಿತ್ರಗಳಲ್ಲಿ ಸೆರೆಹಿಡಿದು ಹೆಸರಾದ ಛಾಯಾಗ್ರಾಹಕ ಮೈಬ್ರಿಜ್ 1875ರಲ್ಲಿ ಈ ಊರಿಗೆ ಬಂದು ಪಾಳುಗಳ ಚಿತ್ರ ತೆಗೆದಿದ್ದರು. ಆ ಚಿತ್ರಗಳಲ್ಲಿ ನಾಲ್ಕಾರನ್ನು ಮೊದಲೇ ಫೋನಿಗೆ ಇಳಿಸಿಕೊಂಡು ಹೋಗಿ. ಅವು ತೆಗೆದಾಗ 1773ರ ಕಂಪನ ನಡೆದು ನೂರು ವರ್ಷವಾಗಿತ್ತು. 23,000 ಜನರನ್ನು ಬಲಿ ತೆಗೆದುಕೊಂಡ 1976ರ ಫೆಬ್ರವರಿ 4ರ ಕಂಪನಕ್ಕೆ ಇನ್ನೂ ನೂರು ವರ್ಷವಿತ್ತು. ಆ ಚಿತ್ರ ಹಿಡಿದು ಅದೇ ಗೋಡೆಯ ಮುಂದೆ ನಿಂತರೆ, ಚಿತ್ರದಲ್ಲಿದ್ದು ಈಗಿಲ್ಲದ ಭಾಗಗಳನ್ನೂ, ಈಗಿದ್ದು ಚಿತ್ರದಲ್ಲಿಲ್ಲದ ಭಾಗಗಳನ್ನೂ ನೀವೇ ಗುರುತಿಸಬಹುದು. ಎರಡನೆಯವು ದುರಸ್ತಿ ಮಾಡಿದವರ ಕೆಲಸ.

ಮೊದಲು ನಿಂತ ಚರ್ಚು

ಊರಿನ ಉತ್ತರ ತುದಿಯ ಲಾ ಮೆರ್ಸೆದ್‌ನಿಂದ ಆರಂಭಿಸಬೇಕು. 1767ರಲ್ಲಿ ಲೋಕಾರ್ಪಣೆಗೊಂಡ ಈ ಚರ್ಚು ಆರೇ ವರ್ಷಕ್ಕೆ ಸಾಂತಾ ಮಾರ್ತಾವನ್ನು ಎದುರಿಸಿ ನಿಂತಿತು. ಇಂದಿಗೂ ಇಲ್ಲಿ ಪೂಜೆ ನಡೆಯುತ್ತದೆ. ಎಲ್ಲರ ಕಣ್ಣೂ ಮೊದಲು ಹಳದಿ ಗೋಡೆಯ ಮೇಲಿನ ಬಿಳಿ ಗಾರೆಯ ಬಳ್ಳಿ, ಎಲೆ, ದ್ರಾಕ್ಷಿಗಳ ಮೇಲೆ ಹೋಗುತ್ತದೆ. ಹೋಗಲಿ, ಅದು ಸುಂದರವೇ. ಆದರೆ ಐದು ನಿಮಿಷದ ನಂತರ ರಸ್ತೆಯ ಎದುರು ಬದಿಗೆ ಬಂದು ಕಟ್ಟಡದ ಮೈಕಟ್ಟನ್ನು ನೋಡಬೇಕು. ಗಂಟೆಗೋಪುರಗಳು ಗಿಡ್ಡ, ಭುಜದೊಳಗೆ ತಲೆ ಹುದುಗಿಸಿ ಕುಳಿತವನಂತೆ ಮುಂಭಾಗದಿಂದ ಸ್ವಲ್ಪವೇ ಮೇಲೆ ಎದ್ದಿವೆ. ಅಗಲ ಹೆಚ್ಚು, ಎತ್ತರ ಕಡಿಮೆ. ಕಿಟಕಿಗಳು ಸಣ್ಣವು, ಅವೂ ಮೇಲೆಲ್ಲೋ ಇವೆ. ಒಳಗೆ ಹೋದರೆ ಬಾಗಿಲ ದಾಟಿನಲ್ಲೇ ಗೋಡೆಯ ದಪ್ಪ ತಿಳಿಯುತ್ತದೆ. ವಾಸ್ತುಶಿಲ್ಪಿ ಹ್ವಾನ್ ದೆ ದಿಯೋಸ್ ಎಸ್ತ್ರಾದ ಮತ್ತು ಅವರ ಕಾಲದವರು 1717 ಮತ್ತು 1751ರ ಪಾಠವನ್ನು ಕಲ್ಲು ಗಾರೆಯಲ್ಲಿ ಬರೆದಿಟ್ಟಿದ್ದಾರೆ. ಅಲಂಕಾರದಲ್ಲಿ ಉಬ್ಬರ, ಮೈಯಲ್ಲಿ ಕುಳ್ಳು ಗಟ್ಟಿತನ ಇರುವ ಈ ಶೈಲಿಯನ್ನು ‘ಭೂಕಂಪದ ಬರೋಕ್’ ಎಂದೇ ಕರೆಯುವುದುಂಟು.

ಪಕ್ಕದ ಮಠಕ್ಕೆ ಬೇರೆ ಟಿಕೆಟ್. ಅದು ಪಾಳು. ನಡುವಿನ ಅಂಗಳದಲ್ಲಿ 27 ಮೀಟರ್ ಅಡ್ಡಳತೆಯ ಕಾರಂಜಿ ಕೊಳವಿದೆ. ಮೇಲಿನ ಅಂತಸ್ತಿಗೆ ಹತ್ತಿದರೆ ಚರ್ಚಿನ ಛಾವಣಿ ಮತ್ತು ಗುಮ್ಮಟ ಕಣ್ಣಳತೆಯಲ್ಲೇ ಕಾಣುತ್ತವೆ. ಇಲ್ಲಿ ಹದಿನೈದು ನಿಮಿಷ ಕುಳಿತುಕೊಳ್ಳಿ. ಗುಮ್ಮಟದ ಭಾರ ಎಲ್ಲಿ ಇಳಿಯುತ್ತದೆ, ಕಮಾನು ಛಾವಣಿ ಯಾವ ಗೋಡೆಯನ್ನು ಹೊರಕ್ಕೆ ತಳ್ಳುತ್ತಿದೆ, ಅದನ್ನು ಯಾವ ಗೋಡೆ ತಡೆದು ನಿಂತಿದೆ ಎಂದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಬೇಕು. ಇಡೀ ಚರ್ಚಿನ ಆಕಾರ ಮನಸ್ಸಿನಲ್ಲಿ ಕೂತರೆ ಮಾತ್ರ ಮುಂದಿನ ಪಾಳುಗಳಲ್ಲಿ ಏನು ಕಾಣೆಯಾಗಿದೆ ಎಂಬುದು ಹೊಳೆಯುತ್ತದೆ.

ಮುರಿದದ್ದನ್ನು ಓದುವುದು

ಮುಂದೆ ಕೆಥೆಡ್ರಲ್. ಊರ ನಡುವಿನ ಉದ್ಯಾನದ ಪೂರ್ವಕ್ಕೆ, ಪಶ್ಚಿಮಕ್ಕೆ ಮುಖ ಮಾಡಿ ನಿಂತ ಬಿಳಿಯ ಕಟ್ಟಡವನ್ನೇ ಪೂರ್ತಿ ಚರ್ಚೆಂದು ತಿಳಿದು ಹಿಂದಿರುಗುವವರು ಬಹಳ. ಈಗ ಸಾನ್ ಹೊಸೆ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವುದು ಹಳೆಯ ಕೆಥೆಡ್ರಲಿನ ಮುಂಭಾಗದ ತುಣುಕು ಮಾತ್ರ. ಹೊಸೆಫ್ ದೆ ಪೋರ್ರೆಸ್ ನೇತೃತ್ವದಲ್ಲಿ ಕಟ್ಟಿ 1680ರಲ್ಲಿ ಉದ್ಘಾಟನೆಯಾದ ಆ ಮಹಾಕಟ್ಟಡದ ಮುಖ್ಯ ದೇಹವೆಲ್ಲ ಹಿಂದೆ ಬಯಲಾಗಿ ನಿಂತಿದೆ. ಅದಕ್ಕೆ ದಕ್ಷಿಣದ ಪಕ್ಕದ ರಸ್ತೆಯಿಂದ ಪ್ರತ್ಯೇಕ ಪ್ರವೇಶ.

ಒಳಗೆ ಕಾಲಿಟ್ಟೊಡನೆ ಕತ್ತು ಮೇಲೆತ್ತಿ. ಸಾಲು ಕಮಾನುಗಳ ನಡುವೆ ಇಟ್ಟಿಗೆಯ ದುಂಡು ಬಳೆಗಳು ಕಾಣುತ್ತವೆ, ಬಳೆಯೊಳಗೆ ಆಕಾಶ. ಗುಮ್ಮಟಗಳು ಕೂತಿದ್ದ ಜಾಗಗಳವು. ಚೌಕಾಕಾರದ ಕಂಬಗಳ ಮೇಲೆ ದುಂಡು ಗುಮ್ಮಟ ಕೂರಿಸಲು ನಾಲ್ಕು ಮೂಲೆಯಲ್ಲೂ ಬಾಗಿದ ತ್ರಿಕೋನಗಳನ್ನು ಕಟ್ಟಬೇಕಾಗುತ್ತದೆ. ಗುಮ್ಮಟ ಹೋಗಿ ತ್ರಿಕೋನಗಳು ಉಳಿದಿವೆ, ಅವುಗಳ ಮೇಲೆ ಗಾರೆಯ ದೇವದೂತರು ಇನ್ನೂ ಅಂಟಿಕೊಂಡಿದ್ದಾರೆ. ಇದರ ಕಾರಣ ಸರಳ. ಕಮಾನಾಗಲಿ ಗುಮ್ಮಟವಾಗಲಿ ನಿಲ್ಲುವುದು ಎರಡೂ ಬದಿಯ ಆಸರೆ ಅಲುಗದಿದ್ದರೆ ಮಾತ್ರ. ನೆಲ ಅಡ್ಡಡ್ಡ ತೂಗಿದಾಗ ಗೋಡೆಗಳು ಬೆರಳೆಣಿಕೆಯಷ್ಟು ಅಂಗುಲ ದೂರ ಸರಿದರೂ ನೆತ್ತಿಯ ಬಿಗಿ ಸಡಿಲಿ ನಡುಭಾಗ ಕುಸಿಯುತ್ತದೆ. ಕಂಬಕ್ಕೆ ಹತ್ತಿರವಿದ್ದದ್ದು ಉಳಿಯುತ್ತದೆ. ಇದನ್ನೊಮ್ಮೆ ಇಲ್ಲಿ ಕಂಡರೆ ಊರಿನ ಉಳಿದ ಪಾಳುಗಳಲ್ಲೆಲ್ಲ ಇದೇ ಕಣ್ಣಿಗೆ ಬೀಳುತ್ತದೆ. ನೆಲಮಾಳಿಗೆಯ ಸಮಾಧಿ ಕೋಣೆಗೆ ಇಳಿಯುವ ಮೆಟ್ಟಿಲುಗಳಿವೆ; ಮೇಣದ ಬತ್ತಿಯ ಹೊಗೆಗೆ ಗೋಡೆ ಕಪ್ಪಾಗಿದೆ. ಟಾರ್ಚ್ ಹಿಡಿದು ಇಳಿಯಿರಿ. ಯಾರಾದರೂ ಪ್ರಾರ್ಥನೆಯಲ್ಲಿದ್ದರೆ ಹಿಂದೆ ಸರಿದು ಕಾಯುವುದು ಮರ್ಯಾದೆ.

ಗೋಡೆಯಲ್ಲಿ ನೋಡಬೇಕಾದ ಇನ್ನೆರಡು ಗುರುತುಗಳಿವೆ. ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಗುಣಾಕಾರದ ಚಿಹ್ನೆಯಂತೆ ಬಿರುಕು ಹಾಯ್ದಿದ್ದರೆ, ಆ ಗೋಡೆ ಅದರ ಉದ್ದಕ್ಕೆ ಎಡಕ್ಕೂ ಬಲಕ್ಕೂ ಎಳೆದಾಡಿಸಿಕೊಂಡಿದೆ ಎಂದರ್ಥ. ಮುಂಭಾಗದ ಗೋಡೆಗೂ ಪಕ್ಕದ ಗೋಡೆಗೂ ನಡುವೆ ನೇರ ಸೀಳು ಇದ್ದರೆ, ಅವೆರಡೂ ಬೇರೆ ಬೇರೆ ತಾಳಕ್ಕೆ ತೂಗಿ ಕೈ ಬಿಟ್ಟುಕೊಂಡಿವೆ. ಎಲ್ ಕಾರ್ಮೆನ್‌ನಂಥ ಚರ್ಚುಗಳಲ್ಲಿ ಹಿಂದಿನ ದೇಹವೆಲ್ಲ ಹೋಗಿ ಜೋಡಿ ಕಂಬಗಳ ಮುಂಭಾಗ ಮಾತ್ರ ನಾಟಕದ ಪರದೆಯಂತೆ ನಿಂತಿರುವುದನ್ನು ಬೀದಿಯಿಂದಲೇ ನೋಡಬಹುದು.

ಲಾ ರೆಕೊಲೆಕ್ಸಿಯೊನ್‌ಗೆ ಎರಡನೆಯ ದಿನದ ಬೆಳಗ್ಗೆ ಹೋಗಬೇಕು, ಒಂಬತ್ತಕ್ಕೇ. ಊರಿನ ಪಶ್ಚಿಮ ಅಂಚಿನಲ್ಲಿ, ಮಾರುಕಟ್ಟೆ ಮತ್ತು ಬಸ್ ನಿಲ್ದಾಣಗಳ ಆಚೆ ಇರುವುದರಿಂದ ಇಲ್ಲಿಗೆ ಬರುವವರು ಕಡಿಮೆ. ಒಂದೇ ಪಾಳು ನೋಡಲು ಸಮಯವಿದೆ ಎಂದರೂ ನಾನು ಇದನ್ನೇ ಹೇಳುತ್ತೇನೆ. ಈ ಚರ್ಚು 1717ರಲ್ಲಿ ಪೂರ್ಣಗೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಾನ್ ಮಿಗೆಲ್ ಬಂದಿತು. ದುರಸ್ತಿ ಮಾಡಿಕೊಂಡು ಐವತ್ತಾರು ವರ್ಷ ಬಾಳಿದ್ದನ್ನು ಸಾಂತಾ ಮಾರ್ತಾ ಮುಗಿಸಿತು. ಬೇರೆಡೆಗಳಲ್ಲಿ ಬಿದ್ದದ್ದನ್ನು ತೆಗೆದು ನೆಲ ಗುಡಿಸಿದ್ದಾರೆ, ಹುಲ್ಲು ಬೆಳೆಸಿದ್ದಾರೆ. ಇಲ್ಲಿ ಛಾವಣಿ ಬಿದ್ದಲ್ಲೇ ಬಿದ್ದಿದೆ. ಕೋಣೆಯಷ್ಟು ದೊಡ್ಡ ತುಂಡುಗಳು ಒಂದರ ಮೇಲೊಂದು ಒರಗಿವೆ. ಒಂದು ತುಂಡಿನ ಹತ್ತಿರ ಹೋಗಿ ಮುರಿದ ಅಂಚನ್ನು ನೋಡಿ: ತೆಳ್ಳನೆಯ ಇಟ್ಟಿಗೆಗಳ ಸಾಲು, ನಡುವೆ ಇಟ್ಟಿಗೆಯಷ್ಟೇ ದಪ್ಪದ ಸುಣ್ಣದ ಗಾರೆ, ಅದರಲ್ಲಿ ಹುದುಗಿದ ಕಲ್ಲುಚೂರು. ಗಾರೆ ಎಷ್ಟು ಬಿಗಿಯಾಗಿ ಹಿಡಿದಿದೆಯೆಂದರೆ ಅಷ್ಟೆತ್ತರದಿಂದ ಬಿದ್ದರೂ ಇಟ್ಟಿಗೆಗಳು ಚೆದುರಿಲ್ಲ, ಇಡೀ ತುಂಡು ಬಂಡೆಯಂತೆ ಕೂತಿದೆ. ಒಂದು ತುಂಡಿನ ಒಳಮೈಯಲ್ಲಿ ಕಮಾನಿನ ಬಾಗು ಹಾಗೇ ಉಳಿದಿತ್ತು. ತಲೆಕೆಳಗಾಗಿ ಬಿದ್ದದ್ದರಿಂದ ಅದರಲ್ಲಿ ರಾತ್ರಿಯ ಮಳೆನೀರು ನಿಂತು, ಗುಬ್ಬಿಗಾತ್ರದ ಹಕ್ಕಿಯೊಂದು ಮೀಯುತ್ತಿತ್ತು. ಒಂದು ಕಾಲಕ್ಕೆ ಜನರ ತಲೆಯ ಮೇಲಿದ್ದ ಬಾಗು ಅದು.

ಈ ತುಂಡುಗಳನ್ನು ಸುತ್ತುವಾಗ ಕಟ್ಟಿದವರ ನೆನಪೂ ಇರಲಿ. ನಕ್ಷೆ ಸ್ಪೇನಿನ ಸನ್ಯಾಸಿಗಳದ್ದಿರಬಹುದು. ಇಟ್ಟಿಗೆ ಸುಟ್ಟು, ಸುಣ್ಣ ಅರೆದು, ಕಲ್ಲು ಹೊತ್ತವರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಗಳ ಮಾಯಾ ಜನ, ಸರದಿಯ ಮೇಲೆ ಕಡ್ಡಾಯ ದುಡಿಮೆಗೆ ಹಿಡಿದು ತಂದವರು. ಮಾರುಕಟ್ಟೆಯಲ್ಲಿ ಇಂದೂ ಕೇಳಿಬರುವ ಕಾಕ್ಚಿಕೆಲ್ ಭಾಷೆ ಆ ಹಳ್ಳಿಗಳದ್ದು.

ಕಾಪುಚೀನಾಸ್

ನಮ್ಮಲ್ಲಿ ಕಾನ್ವೆಂಟ್ ಎಂದರೆ ಇಂಗ್ಲಿಷ್ ಶಾಲೆ ಎಂದೇ ರೂಢಿಯಾಗಿರುವುದರಿಂದ ಸನ್ಯಾಸಿನಿಯರ ಮಠ ಹೇಗಿರುತ್ತದೆಂಬ ಕಲ್ಪನೆ ಹಲವರಿಗಿಲ್ಲ. ಅದಕ್ಕೆ ಕಾಪುಚೀನಾಸ್ ತಕ್ಕ ಜಾಗ. ಕೆಥೆಡ್ರಲ್ ಕಟ್ಟಿದ ಹೊಸೆಫ್ ಅವರ ಮಗ ದಿಯೆಗೊ ದೆ ಪೋರ್ರೆಸ್ ಕಟ್ಟಿದ ಈ ಮಠ 1736ರಲ್ಲಿ ಪ್ರತಿಷ್ಠಾಪನೆಗೊಂಡಿತು. ಬೇರೆ ಮಠಗಳು ಸೇರುವ ಹೆಣ್ಣುಮಕ್ಕಳಿಂದ ದೊಡ್ಡ ಮೊತ್ತದ ವರದಕ್ಷಿಣೆ ಕೇಳುತ್ತಿದ್ದ ಕಾಲದಲ್ಲಿ ಇಲ್ಲಿ ಅದನ್ನು ಕೇಳುತ್ತಿರಲಿಲ್ಲ. ತಂದೆಯ ಕಟ್ಟಡ ಬಿದ್ದಷ್ಟು ಮಗನದು ಬೀಳಲಿಲ್ಲ. ಅಂಗಳದ ಸುತ್ತಲಿನ ಕಂಬಗಳನ್ನು ನೋಡಿದರೆ ಕಾರಣ ಕಾಣುತ್ತದೆ. ತೊಟ್ಟಿಮನೆಯ ಕಂಬಗಳಂತೆ ನಾಲ್ಕೂ ಕಡೆ ಸಾಲಾಗಿ ನಿಂತಿದ್ದರೂ ಅವು ಎತ್ತರಕ್ಕೆ ಮೀರಿದ ದಪ್ಪ ಎನ್ನಿಸುವಂಥ ಗಿಡ್ಡ ಕಲ್ಲುಕಂಬಗಳು.

ಹಿಂಭಾಗದಲ್ಲಿ ದುಂಡನೆಯ ಅಂಗಳವಿದ್ದು, ಅದರ ಸುತ್ತ 18 ಕಿರುಕೋಣೆಗಳಿವೆ. ಒಂದರೊಳಗೆ ನಿಂತು ಕೈ ಚಾಚಿದರೆ ಆ ಬದುಕಿನ ಅಳತೆ ಸಿಗುತ್ತದೆ. ಇದರ ಕೆಳಗಿನ ನೆಲಮಾಳಿಗೆಯಲ್ಲಿ, ನಡುವಿನ ಒಂದೇ ಮಹಾಕಂಬದಿಂದ ಛತ್ರಿಯಂತೆ ಹರಡಿದ ಛಾವಣಿಯ ದುಂಡು ಕೋಣೆಯಿದೆ. ಅದನ್ನು ಯಾವುದಕ್ಕೆ ಬಳಸುತ್ತಿದ್ದರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಉಗ್ರಾಣ ಎನ್ನುವವರಿದ್ದಾರೆ, ಸ್ನಾನದ ಕೋಣೆ ಎನ್ನುವವರಿದ್ದಾರೆ. ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಷಡ್ಜ ಹಿಡಿದು ನೋಡಿ. ತಂಬೂರಿಯ ಬುರುಡೆಯೊಳಗೆ ಕೂತಂತೆ ಸ್ವರ ಸುತ್ತಿ ಸುತ್ತಿ ಬಂದು ಕಿವಿಗೆ ತುಂಬುತ್ತದೆ. ಶಾಲೆಯ ಮಕ್ಕಳ ಗುಂಪು ಬರುವ ಮೊದಲು ಇಲ್ಲಿಗೆ ಇಳಿಯುವುದು ಒಳಿತು.

ಎಚ್ಚರಿಕೆ

ನಿಂತಿರುವ ಪಾಳೆಂದರೆ ಇನ್ನೂ ಬೀಳದಿರುವ ಪಾಳು. ಹಗ್ಗ ಕಟ್ಟಿದ್ದರೆ ದಾಟಬೇಡಿ, ಗೋಡೆಯ ಮೇಲೆ ಹತ್ತಬೇಡಿ. ಗಾರೆ ಚಿತ್ತಾರವನ್ನು ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ, ಅಷ್ಟು ಚಿತ್ತಾರ ಹೋಯಿತೆಂದೇ ಲೆಕ್ಕ. ಸಣ್ಣ ಕಂಪನಗಳು ಈ ದೇಶದಲ್ಲಿ ಅಪರೂಪವಲ್ಲ. ಒಳಗಿರುವಾಗ ನೆಲ ನಡುಗಿದರೆ ಬಾಗಿಲ ಕಮಾನಿನ ಅಡಿಗೆ ಓಡಬಾರದು, ಮುಂಭಾಗದ ಬಾಗಿಲಿನಿಂದ ರಸ್ತೆಗೆ ಧಾವಿಸಲೂ ಬಾರದು. ತುದಿಯ ಅಲಂಕಾರಗಳು ಉದುರುವುದು ಅಲ್ಲಿಯೇ. ಅಂಗಳದ ನಟ್ಟನಡುವೆ, ಗೋಡೆಯ ಎತ್ತರಕ್ಕಿಂತ ದೂರದಲ್ಲಿ ನಿಲ್ಲಬೇಕು. ಆದ್ದರಿಂದ ಯಾವ ಪಾಳಿಗೆ ಹೋದರೂ ಮೊದಲ ಎರಡು ನಿಮಿಷದಲ್ಲೇ ಅಂಗಳ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಊರಿಗೆ ಕಾಣುವ ಫ್ಯೂಗೊ ಜ್ವಾಲಾಮುಖಿ ಇಂದಿಗೂ ಹೊಗೆಯುಗುಳುತ್ತದೆ. ಅದರ ಮತ್ತು ಭೂಕಂಪಗಳ ಸ್ಥಿತಿಯ ಬಗ್ಗೆ ಇನ್ಸಿವುಮೆ ಎಂಬ ಸರ್ಕಾರಿ ಸಂಸ್ಥೆಯೂ, ಮುನ್ನೆಚ್ಚರಿಕೆಯ ಬಗ್ಗೆ ಕೊನ್ರೆಡ್ ಎಂಬ ವಿಕೋಪ ನಿರ್ವಹಣಾ ಸಂಸ್ಥೆಯೂ ಪ್ರಕಟಣೆ ಹೊರಡಿಸುತ್ತವೆ.

ಉಳಿದವು

ಇದೇ ಊರಿನ ಸಾನ್ ಫ್ರಾನ್ಸಿಸ್ಕೊ ಚರ್ಚನ್ನು 20ನೆಯ ಶತಮಾನದಲ್ಲಿ ಮತ್ತೆ ಕಟ್ಟಿ ಬಳಕೆಗೆ ತಂದಿದ್ದಾರೆ. ಪಾಳು ಪ್ರಿಯರು ಇದನ್ನು ಮೆಚ್ಚುವುದಿಲ್ಲ. ನನಗೆ ಮಾತ್ರ ಅಲ್ಲಿನ ಜನಸಂದಣಿಯೇ ಇಷ್ಟ. 2002ರಲ್ಲಿ ಸಂತ ಪದವಿ ಪಡೆದ ಎರ್ಮಾನೊ ಪೆದ್ರೊ ಅವರ ಸಮಾಧಿಗೆ ಹರಕೆ ಹೊತ್ತವರು ಬರುತ್ತಾರೆ. ಗುಣವಾದವರು ಬಿಟ್ಟುಹೋದ ಊರುಗೋಲುಗಳು ಅಲ್ಲಿವೆ. ಸಾಂತಾ ಕ್ಲಾರಾ ಎಂಬ ಪಾಳು ಮಠದ ಅಂಗಳ ಬಿಸಿಲು ಇಳಿದ ಮೇಲೆ ಚೆನ್ನ. ಅದರ ಎದುರಿಗೇ 19ನೆಯ ಶತಮಾನದ ಸಾರ್ವಜನಿಕ ನೀರಿನ ತೊಟ್ಟಿಯಿದ್ದು, ಸಾಲು ಒಗೆಯುವ ಕಲ್ಲುಗಳಲ್ಲಿ ಹೆಂಗಸರು ಬಟ್ಟೆ ಒಗೆಯುವುದನ್ನು ಕಾಣಬಹುದು. ಕೇಳದೆ ಅವರ ಫೋಟೋ ತೆಗೆಯಬೇಡಿ. ಸಾಂತಾ ಕತಲೀನಾದ ಹಳದಿ ಕಮಾನನ್ನು ನೋಡಬೇಕೆಂದು ಹೇಳುವ ಅಗತ್ಯವೇ ಇಲ್ಲ, ಊರಿಗೆ ಬಂದವರೆಲ್ಲ ಅದರ ಕೆಳಗೇ ಹಾಯುತ್ತಾರೆ.

ಪಾಳುಗಳ ಗೋಡೆಗಳಲ್ಲಿ ಖಾಲಿ ಗೂಡುಗಳನ್ನು ನೋಡುತ್ತ ಬಂದಿರುತ್ತೀರಿ. ಅವುಗಳಲ್ಲಿದ್ದ ಮೂರ್ತಿಗಳೆಲ್ಲ ಒಡೆದುಹೋಗಿಲ್ಲ. ರಾಜಧಾನಿ ಬದಲಾದಾಗ ಸಂತರ ವಿಗ್ರಹಗಳು, ಕೆತ್ತನೆಯ ಪೀಠಗಳು, ಚಿತ್ರಪಟಗಳು ಸಹ ಹೊಸ ಊರಿಗೆ ಸಾಗಿದವು. ಲಾ ಮೆರ್ಸೆದ್‌ನಲ್ಲಿದ್ದ, 17ನೆಯ ಶತಮಾನದಲ್ಲಿ ಮಾತೆಯೊ ದೆ ಸುನಿಗ ಕೆತ್ತಿದ ಶಿಲುಬೆ ಹೊತ್ತ ಯೇಸುವಿನ ಪ್ರತಿಮೆ ಈಗ ಗ್ವಾಟೆಮಾಲಾ ನಗರದಲ್ಲಿ ಅದೇ ಹೆಸರಿನ ಇನ್ನೊಂದು ಚರ್ಚಿನಲ್ಲಿದೆ. ವಿಮಾನದ ದಿನ ಬೆಳಗ್ಗೆ ಬೇಗ ಹೊರಟು, ಹಳೆಯ ಪೇಟೆಯಲ್ಲಿರುವ ಆ ಚರ್ಚಿಗೂ ಅಲ್ಲಿನ ಕೆಥೆಡ್ರಲಿಗೂ ಮೂರು ಗಂಟೆ ಮೀಸಲಿಡಿ. ಖಾಲಿ ಗೂಡುಗಳ ಫೋಟೋ ಫೋನಿನಲ್ಲಿ ಸಿದ್ಧವಾಗಿರಲಿ.